ಗುಡ್ಡದ ಮೇಲಣ ಊರು: ಮೊಂಮಾರ್ತ್ರ

ಪ್ಯಾರಿಸ್ ನಗರದ ಉತ್ತರ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 130 ಮೀಟರು ಎತ್ತರದ ಗುಡ್ಡವೊಂದಿದೆ. ಅದರ ಹೆಸರು ಮೊಂಮಾರ್ತ್ರ. ನಿಜವಾದ ಬೆಟ್ಟಗಳನ್ನು ಕಂಡವರ ಕಣ್ಣಿಗೆ ಇದೊಂದು ದಿಣ್ಣೆ. ಆದರೂ ಆಧುನಿಕ ಚಿತ್ರಕಲೆಯ ಚರಿತ್ರೆಯಲ್ಲಿ ಈ ದಿಣ್ಣೆಯ ಹೆಸರಿಲ್ಲದ ಪುಸ್ತಕವಿಲ್ಲ. ಇದಕ್ಕೆ ಕಾರಣವೇನಿರಬಹುದು? ಅದರ ಕಡಿದಾದ ಮೆಟ್ಟಿಲುಗಳನ್ನು ಹತ್ತಿಳಿದ ಮೇಲೆ ನನಗೆ ತೋರಿದುದು ಇಷ್ಟು: ನಗರದ ಮಗ್ಗುಲಲ್ಲಿದ್ದೂ ನಗರದ ಹೊರಗಿದ್ದುದೇ ಈ ಊರಿನ ಭಾಗ್ಯ.

1860ರವರೆಗೆ ಮೊಂಮಾರ್ತ್ರ ಪ್ಯಾರಿಸ್ಸಿಗೆ ಸೇರಿರಲಿಲ್ಲ. ಸುಂಕದ ಗೋಡೆಯ ಆಚೆಗಿದ್ದ ಕಾರಣ ಇಲ್ಲಿ ದ್ರಾಕ್ಷಾರಸ ಅಗ್ಗ. ದುಡಿಯುವ ಜನ ಬಿಡುವಿನ ದಿನ ಇಲ್ಲಿಗೆ ಏರಿ ಬರುತ್ತಿದ್ದರು. ಗುಡ್ಡದ ಮೇಲೆ ಗಾಳಿಗಿರಣಿಗಳು. ಒಡಲಲ್ಲಿ ಜಿಪ್ಸಂ ಗಣಿಗಳು. ‘ಪ್ಲಾಸ್ಟರ್ ಆಫ್ ಪ್ಯಾರಿಸ್’ ಎಂದು ನಾವು ಕರೆಯುವ ಗಾರೆಗೆ ಆ ಹೆಸರನ್ನು ತಂದುದು ಇಂತಹ ಗಣಿಗಳೇ. ನಗರದ ಗೋಡೆಗಳಿಗೆ ತನ್ನ ಮೈಯನ್ನೇ ಕೊಟ್ಟು ಗುಡ್ಡ ಒಳಗೆ ಟೊಳ್ಳಾಯಿತು. 1875ರಲ್ಲಿ ಸಾಕ್ರೆ ಕೆರ್ ಎಂಬ ಬಿಳಿಯ ಗುಮ್ಮಟದ ಇಗರ್ಜಿಗೆ ಅಸ್ತಿಭಾರ ಹಾಕುವಾಗ, ಮೂವತ್ತು ಮೀಟರಿಗೂ ಆಳವಾದ ಬಾವಿಗಳನ್ನು ತೋಡಿ ಕಂಬ ನಿಲ್ಲಿಸಬೇಕಾಯಿತು.

ಆ ಗುಮ್ಮಟದ ಹಿಂದೆ ಒಂದು ಕಹಿನೆನಪೂ ಇದೆ. 1871ರ ಮಾರ್ಚ್ 18ರಂದು ಇಲ್ಲಿದ್ದ ಫಿರಂಗಿಗಳನ್ನು ಒಯ್ಯಲು ಸೈನ್ಯ ಬಂದಾಗ ಊರಿನ ಹೆಂಗಸರು ಗಂಡಸರು ಅಡ್ಡನಿಂತರು. ಪ್ಯಾರಿಸ್ ಕಮ್ಯೂನ್ ಎಂಬ ಜನರ ಬಂಡಾಯ ಅಂದು ಮೊದಲಾಗಿ, ಮೇ ತಿಂಗಳ ಕೊನೆಗೆ ರಕ್ತದಲ್ಲಿ ಮುಗಿಯಿತು. ಭಕ್ತರಿಗೆ ಪ್ರಾಯಶ್ಚಿತ್ತದ ಗುರುತಾದ ಗುಮ್ಮಟ, ಸೋತವರ ಮಕ್ಕಳಿಗೆ ಗೆದ್ದವರ ಗುರುತಾಗಿ ಕಂಡುದು ಆಶ್ಚರ್ಯವಲ್ಲ.

ಬಾಡಿಗೆ ಅಗ್ಗವಾದ ಈ ಗುಡ್ಡಕ್ಕೆ ಚಿತ್ರಕಾರರು ಬಂದರು. 1876ರಲ್ಲಿ ರೆನ್ವಾರ್ ಇಲ್ಲಿನ ಗಾಳಿಗಿರಣಿಯ ಬಳಿಯ ಕುಣಿತದ ಅಂಗಳವನ್ನು ಚಿತ್ರಿಸಿದನು. ಅಗಸಗಿತ್ತಿಯ ಮಗಳಾದ ಸುಜಾನ್ ವಾಲಾದೊನ್, ಚಿತ್ರಕಾರರಿಗೆ ರೂಪದರ್ಶಿಯಾಗಿದ್ದು, ಕೊನೆಗೆ ತಾನೇ ಕುಂಚ ಹಿಡಿದು ಹೆಸರಾದಳು. 1904ರಲ್ಲಿ ಪಿಕಾಸೊ ಬಂದು ಸೇರಿದ ‘ಬಾತೊ ಲಾವ್ವಾರ್’ ಒಂದು ಹಳೆಯ ಮರದ ಕಟ್ಟಡ. ಎಲ್ಲರಿಗೂ ಸೇರಿ ಒಂದೇ ನಲ್ಲಿ. 1907ರಲ್ಲಿ ಚಿತ್ರಕಲೆಯ ದಿಕ್ಕನ್ನೇ ತಿರುಗಿಸಿದ ‘ಅವಿನ್ಯೊನ್‌ನ ತರುಣಿಯರು’ ಹುಟ್ಟಿದುದು ಅಲ್ಲಿಯೇ.

ಕೀರ್ತಿ ಬಂದಿತು, ಅದರ ಬೆನ್ನಿಗೆ ಬೆಲೆಯೂ ಏರಿತು. ಇಂದು ತೆರ್ತ್ರ್ ಚೌಕದಲ್ಲಿ ಪ್ರವಾಸಿಗಳ ಮುಖವನ್ನು ಬರೆದುಕೊಡುವ ಚಿತ್ರಕಾರರುಂಟು. ಆದರೆ ಕೈಯಲ್ಲಿ ಕಾಸಿಲ್ಲದ ತರುಣ ಪಿಕಾಸೊ ಈಗ ಬಂದರೆ ಅವನಿಗೊಂದು ಕೋಣೆ ದೊರೆಯುವುದು ದುರ್ಲಭ. ಹಾಗೆಂದು ಊರಿನವರು ಸುಮ್ಮನೆ ಕೂತವರಲ್ಲ. 1933ರಲ್ಲಿ, ಬರಿದಾಗಿದ್ದ ಇಳಿಜಾರೊಂದರಲ್ಲಿ ಕಟ್ಟಡ ಏಳದಂತೆ ತಡೆಯಲು ಅಲ್ಲಿ ದ್ರಾಕ್ಷಿಬಳ್ಳಿಗಳನ್ನು ನೆಟ್ಟರು. ಇಂದಿಗೂ ಅಕ್ಟೋಬರಿನಲ್ಲಿ ಅಲ್ಲಿ ಸುಗ್ಗಿಯ ಹಬ್ಬ ನಡೆಯುತ್ತದೆ.

ಮಹಾಕೃತಿಯೊಂದರ ಹುಟ್ಟನ್ನು ಕುರಿತು ಬರೆಯುವಾಗ ನನ್ನ ವಿದ್ಯಾರ್ಥಿಗಳು ಪ್ರತಿಭೆಯ ಮಾತನ್ನು ತಪ್ಪದೆ ಎತ್ತುತ್ತಾರೆ. ಸರಿಯೇ. ಆದರೆ ಆ ಪ್ರತಿಭೆ ತಲೆಯೂರಿದ್ದ ಕೋಣೆಯ ಬಾಡಿಗೆ ಎಷ್ಟಿತ್ತೆಂಬುದನ್ನೂ ವಿಚಾರಿಸಿರೆಂದು ನಾನು ಅವರಿಗೆ ಹೇಳುತ್ತೇನೆ.