ಮೊಬೈಲ್ ಸ್ಮಾರ್ಟ್ ಆದರೆ ಸಾಲದು, ಜತೆಗಿರುವ ವಯರೂ ಸರಿಯಿರಬೇಕು

ಊರಿಗೆ ಹೊರಡುವ ಮುಂಬಯಿಯ ತುಳು-ಕನ್ನಡಿಗರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬರೇ ಒಂದು ರೈಲಲ್ಲ, ಹತ್ತಿ ಕುಳಿತರೆ ಅರ್ಧ ಊರು ಸೇರಿದ ಹಾಗೆಯೇ. ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಹಿರಿಯ ದಂಪತಿ ಈ ರೈಲಿಗೆ ಥಾಣೆಯಲ್ಲಿ ಹತ್ತಿ ಉಡುಪಿಗೆ ಹೊರಟಿದ್ದರು. ಯಜಮಾನರು ಹೊಟೇಲ್ ಒಂದರಲ್ಲಿ ಮೂವತ್ತು ವರ್ಷ ಗಲ್ಲೆಯಲ್ಲಿ ಕುಳಿತು ನಿವೃತ್ತರಾದವರು. ಕೈಯಲ್ಲಿ ಮಗ ತೆಗೆಸಿಕೊಟ್ಟ ಹದಿನೆಂಟು ಸಾವಿರ ರೂಪಾಯಿಯ ಸ್ಮಾರ್ಟ್‌ಫೋನ್. ಟಿಕೇಟು ಅದರಲ್ಲಿ, ಊರಿನವರ ನಂಬರುಗಳು ಅದರಲ್ಲಿ, ಹಣ ಪಾವತಿಯೂ ಅದರಲ್ಲಿಯೇ.

ಹೊರಡುವ ಮುನ್ನ ರಾತ್ರಿಯಿಡೀ ಚಾರ್ಜಿಗೆ ಇಟ್ಟಿದ್ದರೂ ಫೋನ್ ಅರ್ಧವೂ ತುಂಬಿರಲಿಲ್ಲ. ರೈಲಿನಲ್ಲಿ ಮೊಮ್ಮಗಳೊಡನೆ ವೀಡಿಯೊ ಕರೆ, ಬಳಿಕ ಒಂದಿಷ್ಟು ಯಕ್ಷಗಾನ. ಚಿಪ್ಳೂಣ ದಾಟುವಷ್ಟರಲ್ಲಿ ಪರದೆ ಕಪ್ಪಾಯಿತು. ಟಿಕೇಟ್ ತಪಾಸಕರು ಬಂದಾಗ ತೋರಿಸಲು ಏನೂ ಇರಲಿಲ್ಲ. ಪುಣ್ಯಕ್ಕೆ ಮೂಲ ಆಧಾರ್ ಕಾರ್ಡು ಪರ್ಸಿನಲ್ಲಿತ್ತು. ಇ-ಟಿಕೇಟ್ ಇರುವ ಫೋನ್ ಸತ್ತುಹೋದರೂ ಮೂಲ ಗುರುತುಪತ್ರ ಇದ್ದರೆ 50 ರೂಪಾಯಿ ದಂಡ ಕಟ್ಟಿ ಪ್ರಯಾಣ ಮುಂದುವರಿಸಬಹುದು ಎಂಬ ನಿಯಮ ರೈಲ್ವೆಯಲ್ಲಿದೆ. ಅಷ್ಟಕ್ಕೆ ಆ ಗಂಡಾಂತರ ಮುಗಿಯಿತು.

ಎದುರಿನ ಸೀಟಿನ ಯುವಕ ಎಷ್ಟು ಸಲ ವಯರು ಚುಚ್ಚಿ ನೋಡಿದರೂ ಫೋನಿಗೆ ಜೀವ ಬರಲಿಲ್ಲ. "ಅಂಕಲ್, ಫೋನ್ ಸರಿಯಿದೆ. ನಿಮ್ಮ ವಯರೇ ಸತ್ತಿದೆ" ಎಂದ. ಸ್ಟೇಷನ್ ಹೊರಗೆ 50 ರೂಪಾಯಿ ಕೊಟ್ಟು ತಂದಿದ್ದ ವಯರು ಅದು. ಯುವಕ ತನ್ನದನ್ನು ತೆಗೆದುಕೊಡುವಾಗ ರಾತ್ರಿ ಹನ್ನೊಂದು ದಾಟಿ ಬೋಗಿಯ ಸಾಕೆಟ್‌ಗಳಲ್ಲಿ ಕರೆಂಟ್ ಬಂದ್ ಆಗಿತ್ತು. ಬೆಂಕಿ ಅವಘಡ ತಪ್ಪಿಸಲು ರಾತ್ರಿ 11ರಿಂದ ಬೆಳಿಗ್ಗೆ 5ರ ವರೆಗೆ ಚಾರ್ಜಿಂಗ್ ಸಾಕೆಟ್ ಬಂದ್ ಇಡುವ ಕ್ರಮವನ್ನು ರೈಲ್ವೆ 2021ರಲ್ಲಿ ಬಿಗಿಗೊಳಿಸಿದ್ದು ಅನೇಕರಿಗೆ ಇನ್ನೂ ತಿಳಿದಿಲ್ಲ.

ರೈಲು ಉಡುಪಿ ಮುಟ್ಟಿದ್ದು ತಡವಾಗಿ. ಕರೆದೊಯ್ಯಲು ಬಂದಿದ್ದ ಅಳಿಯ ಎಷ್ಟು ಸಲ ಕರೆ ಮಾಡಿದರೂ 'ಸ್ವಿಚ್ ಆಫ್' ಎಂದೇ ಕೇಳಿಸಿತ್ತು. ಬಹುಶಃ ಹೊರಟಿಲ್ಲವೇನೋ ಎಂದು ಆತ ಹಿಂತಿರುಗಿದ್ದ. ಅವನ ನಂಬರು ಇವರಿಬ್ಬರಿಗೂ ಬಾಯಿಪಾಠ ಇರಲಿಲ್ಲ. ಜಡಿಮಳೆಯಲ್ಲಿ, ಸಕ್ಕರೆ ಕಾಯಿಲೆಯ ಅಮ್ಮ ಇನ್ಸುಲಿನ್ ಹೊತ್ತು ಮೀರಿ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತಿದ್ದರು. ಹದಿನೆಂಟು ಸಾವಿರದ ಫೋನನ್ನು ಐವತ್ತು ರೂಪಾಯಿಯ ವಯರು ನಿರುಪಯುಕ್ತ ಮಾಡಿಬಿಟ್ಟಿತ್ತು.

ಇದು ಒಬ್ಬಿಬ್ಬರ ಕಥೆಯಲ್ಲ. ಪಾಸ್‌ಬುಕ್, ಪರ್ಸು, ರೈಲು ಪಾಸು, ಡಾಕ್ಟರ ಚೀಟಿ ಎಲ್ಲವೂ ಮೊಬೈಲ್ ಒಳಗೆ ಸೇರಿಕೊಂಡಿರುವ ಈ ದಿನಗಳಲ್ಲಿ ಫೋನ್ ಆರಿಸಲು ತಿಂಗಳುಗಟ್ಟಲೆ ವಿಚಾರಿಸುವ ನಾವು, ಅದರ ಜತೆ ಸಾಮಾನು ಕೊಳ್ಳುವಾಗ ಒಂದು ನಿಮಿಷವೂ ಯೋಚಿಸುವುದಿಲ್ಲ. ಸ್ಟೇಷನ್ ಸೇತುವೆಯ ಮೇಲೆ ಬಣ್ಣಬಣ್ಣದ್ದು ನೇತು ಹಾಕಿರುವುದರಲ್ಲಿ ಅಗ್ಗದ್ದನ್ನು ಎಳೆದುಕೊಳ್ಳುತ್ತೇವೆ. ನಿಜಕ್ಕೂ ಬೇಕಾಗುವುದು ನಾಲ್ಕೈದು ಸಾಮಾನು ಮಾತ್ರ. ಅವುಗಳನ್ನು ನೋಡಿ ಕೊಂಡರೆ ಉಳಿದದ್ದು ಅಲಂಕಾರ.

ಚಾರ್ಜರ್: ಗುಣಾಕಾರ ಬಂದರೆ ಸಾಕು

ಮೊದಲು ಫೋನಿನ ಪೆಟ್ಟಿಗೆಯಲ್ಲೇ ಚಾರ್ಜರ್ ಬರುತ್ತಿತ್ತು. ಆಪಲ್ ಕಂಪೆನಿ 2020ರಲ್ಲಿ ಐಫೋನ್ ಜತೆ ಚಾರ್ಜರ್ ಕೊಡುವುದನ್ನು ನಿಲ್ಲಿಸಿತು. ಮರುವರ್ಷ ಸ್ಯಾಮ್‌ಸಂಗ್ ತನ್ನ ದುಬಾರಿ ಫೋನ್‌ಗಳಲ್ಲಿ ಅದೇ ದಾರಿ ಹಿಡಿಯಿತು. ಹೀಗಾಗಿ ಇಂದು ಚಾರ್ಜರ್ ಆರಿಸುವ ಜವಾಬ್ದಾರಿ ಬಹಳ ಮಟ್ಟಿಗೆ ಗ್ರಾಹಕನ ತಲೆಗೇ ಬಂದಿದೆ.

ಚಾರ್ಜರಿನ ಮೈಮೇಲೆ ಇರುವೆ ಸಾಲಿನಂತಹ ಅಕ್ಷರಗಳಲ್ಲಿ 'ಔಟ್‌ಪುಟ್' ಎಂದು ಬರೆದಿರುತ್ತದೆ. ಅಲ್ಲಿರುವ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. 5 ವೋಲ್ಟ್ 2 ಆಂಪಿಯರ್ ಎಂದರೆ 10 ವ್ಯಾಟ್, 9 ವೋಲ್ಟ್ 2 ಆಂಪಿಯರ್ ಎಂದರೆ 18 ವ್ಯಾಟ್. ನಿಮ್ಮ ಫೋನ್ ಎಷ್ಟು ವ್ಯಾಟ್ ಸ್ವೀಕರಿಸುತ್ತದೆ ಎಂಬುದು ಅದರ ಪೆಟ್ಟಿಗೆಯಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಒಳ್ಳೆಯ ಚಾರ್ಜರ್ ತುಸು ಹೆಚ್ಚು ವ್ಯಾಟಿನದಾದರೂ ಹೆದರಬೇಕಾಗಿಲ್ಲ, ಫೋನ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆ ವ್ಯಾಟಿನದಾದರೆ ಚಾರ್ಜ್ ಆಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಕೆಲವು ಕಂಪೆನಿಗಳ ಅತಿವೇಗದ ಚಾರ್ಜಿಂಗ್ ಅವರದೇ ಚಾರ್ಜರ್, ಅವರದೇ ಕೇಬಲ್ ಇದ್ದರೆ ಮಾತ್ರ ನಡೆಯುತ್ತದೆ ಎನ್ನುವುದನ್ನೂ ಮರೆಯಬಾರದು.

ಕೇಬಲ್ ವಿಷಯದಲ್ಲಿ ಈಗ ಒಂದು ಅನುಕೂಲ ಆಗಿದೆ. 2023ರ ಐಫೋನ್ 15ರಿಂದ ಆಪಲ್ ಕೂಡ ಟೈಪ್-ಸಿ ಮೂತಿಗೆ ಬಂದಿದೆ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಫೋನ್‌ಗಳಿಗೆ ಇದನ್ನೇ ಕಡ್ಡಾಯ ಮಾಡಿದೆ. ಆದರೆ ಮೂತಿ ಒಂದೇ ಎಂದ ಮಾತ್ರಕ್ಕೆ ಎಲ್ಲ ವಯರೂ ಒಂದೇ ಅಲ್ಲ. ಒಳಗಿನ ತಾಮ್ರದ ಎಳೆ ತೆಳುವಾದರೆ ಕರೆಂಟು ಸರಿಯಾಗಿ ಹರಿಯದೆ ವಯರು ಬಿಸಿಯಾಗುತ್ತದೆ. ಪ್ಯಾಕೆಟಿನ ಮೇಲೆ 3 ಆಂಪಿಯರ್ ಎಂದೋ 60 ವ್ಯಾಟ್ ಎಂದೋ ಸ್ಪಷ್ಟವಾಗಿ ಮುದ್ರಿಸಿರುವ ಕೇಬಲನ್ನೇ ಕೇಳಿ ಪಡೆಯಿರಿ. ಕುತ್ತಿಗೆ ಸೀಳಿದ ವಯರಿಗೆ ಟೇಪು ಸುತ್ತಿ ದಿನ ದೂಡುವುದು ಬೇಡ.

'ಆರ್' ನಂಬರು ನೋಡಿದಿರಾ?

ಮೊಬೈಲ್ ಚಾರ್ಜರ್ ಮತ್ತು ಪವರ್ ಬ್ಯಾಂಕ್ ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೊದ ಕಡ್ಡಾಯ ನೋಂದಣಿಗೆ ಒಳಪಟ್ಟ ವಸ್ತುಗಳು. 2012ರಲ್ಲಿ ಬಂದ ಆದೇಶದ ಪಟ್ಟಿಗೆ ಇವುಗಳನ್ನು ಬಳಿಕ ಸೇರಿಸಲಾಯಿತು. ಅಸಲಿ ಸಾಮಾನಿನ ಮೇಲೆ ಬ್ಯೂರೊದ ಗುರುತು, 'ಐಎಸ್' ಎಂದು ಆರಂಭವಾಗುವ ಮಾನಕ ಸಂಖ್ಯೆ, ಹಾಗೂ 'ಆರ್' ಅಕ್ಷರದ ಮುಂದೆ ಎಂಟು ಅಂಕೆಗಳ ನೋಂದಣಿ ನಂಬರು ಇರಲೇಬೇಕು. ಬ್ಯೂರೊದ 'ಬಿಐಎಸ್ ಕೇರ್' ಎಂಬ ಉಚಿತ ಆಪ್‌ನಲ್ಲಿ ಈ ನಂಬರು ಒತ್ತಿದರೆ ಅದು ಯಾವ ಕಂಪೆನಿಯ, ಯಾವ ವಸ್ತುವಿಗೆ ಕೊಟ್ಟದ್ದು ಎಂಬ ವಿವರ ಬರುತ್ತದೆ. ಚಾರ್ಜರಿನ ಮೇಲಿನ ಹೆಸರು ಒಂದು, ಆಪ್‌ನಲ್ಲಿ ಬರುವ ಹೆಸರು ಇನ್ನೊಂದು ಆದರೆ ಸಾಮಾನನ್ನು ಅಂಗಡಿಯವನಿಗೇ ಹಿಂತಿರುಗಿಸಿ ಬನ್ನಿ. ನೋಟು ಪಡೆಯುವಾಗ ಬೆಳಕಿಗೆ ಹಿಡಿದು ನೋಡುವ ನಾವು ಚಾರ್ಜರಿಗೂ ಅಷ್ಟು ಮಾಡಬಹುದಲ್ಲವೇ?

ಮತ್ತೊಂದು ಎಚ್ಚರಿಕೆ. ಭಾರತೀಯ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಹೊರತಂದ ಹಣಕಾಸು ವಂಚನೆಗಳ ಕುರಿತ ಕೈಪಿಡಿಯಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಪ್ರಸ್ತಾಪವಿದೆ. ಚಾರ್ಜ್ ಮಾಡುವ ಅದೇ ವಯರಿನ ಮೂಲಕ ಫೋನಿನೊಳಗಿನ ಮಾಹಿತಿಯನ್ನೂ ಕದಿಯಲು ಸಾಧ್ಯ ಎನ್ನುತ್ತದೆ ಅದು. ಆದುದರಿಂದ ಸ್ಟೇಷನ್, ವಿಮಾನ ನಿಲ್ದಾಣಗಳಲ್ಲಿ ಅಲ್ಲಿನ ವಯರಿಗೆ ಫೋನ್ ಸಿಕ್ಕಿಸುವ ಬದಲು ಸ್ವಂತ ಚಾರ್ಜರನ್ನು ಗೋಡೆಯ ಸಾಕೆಟ್ಟಿಗೆ ಹಾಕುವುದು ಲೇಸು.

ಪವರ್ ಬ್ಯಾಂಕ್: ಬರೆದಷ್ಟು ಸಿಗದು

ಕೊಂಕಣ ರೈಲು ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳಿವೆ. ಪ್ರತಿ ಸುರಂಗದಲ್ಲೂ ನೆಟ್‌ವರ್ಕ್ ಕಡಿದು ಫೋನ್ ಮತ್ತೆ ಮತ್ತೆ ಸಿಗ್ನಲ್ ಹುಡುಕುತ್ತದೆ, ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ಊರಿಗೆ ಹೋಗುವಾಗ ಫೋನ್ ಬೇಗ ಖಾಲಿಯಾಗಲು ಇದೂ ಒಂದು ಕಾರಣ. ಆದುದರಿಂದ ದೂರ ಪ್ರಯಾಣಿಸುವವರಿಗೆ ಪವರ್ ಬ್ಯಾಂಕ್ ಶೋಕಿಯಲ್ಲ, ಅಗತ್ಯ.

10,000 ಎಂಎಎಚ್ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಒಳಗಿನ ಬ್ಯಾಟರಿಯ ಲೆಕ್ಕ. ಅಲ್ಲಿಂದ ಫೋನಿಗೆ ಬರುವಾಗ ವೋಲ್ಟೇಜ್ ಏರಿಸಬೇಕಾಗುವುದರಿಂದಲೂ ಬಿಸಿಯಾಗಿ ಪೋಲಾಗುವುದರಿಂದಲೂ ಕೈಗೆ ದಕ್ಕುವುದು ಕಡಿಮೆ. ಪ್ರಾಮಾಣಿಕ ಕಂಪೆನಿಗಳು 'ರೇಟೆಡ್ ಕೆಪಾಸಿಟಿ' ಎಂದು ಸುಮಾರು 6,000ದ ಆಸುಪಾಸಿನ ಅಂಕೆಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತವೆ. 5,000 ಎಂಎಎಚ್ ಬ್ಯಾಟರಿಯ ಫೋನನ್ನು ಇದರಿಂದ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಸಲ ತುಂಬಿಸಬಹುದು. ಒಂದು ರಾತ್ರಿಯ ಪ್ರಯಾಣಕ್ಕೆ ಅಷ್ಟು ಧಾರಾಳ ಸಾಕು.

ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿನದ್ದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಅನುಮತಿ ಬೇಡ. 10,000 ಎಂಎಎಚ್‌ನದ್ದು 37 ವ್ಯಾಟ್-ಅವರ್, 20,000ದ್ದು 74. ಹೊಟ್ಟೆ ಉಬ್ಬಿದ ಪವರ್ ಬ್ಯಾಂಕನ್ನು ಒಂದು ದಿನವೂ ಬಳಸಬಾರದು. ಅದನ್ನು ಚುಚ್ಚುವುದು, ಒತ್ತುವುದು, ಕಸದ ಡಬ್ಬಿಗೆ ಎಸೆಯುವುದು ಅಪಾಯಕಾರಿ. ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ರಾತ್ರಿ ದಿಂಬಿನಡಿ ಚಾರ್ಜಿಗಿಟ್ಟು ಮಲಗುವ ಅಭ್ಯಾಸವನ್ನು ಮನೆಯ ಮಕ್ಕಳಿಗೂ ಬಿಡಿಸಬೇಕು.

ಗಾಜು ಮತ್ತು ಕವರ್

ಪರದೆ ಒಡೆದರೆ ರಿಪೇರಿ ಖರ್ಚು ಸಾವಿರಗಳಲ್ಲಿ. ಮೇಲಿನ ಟೆಂಪರ್ಡ್ ಗ್ಲಾಸ್ ಒಡೆದರೆ ಖರ್ಚು ನೂರುಗಳಲ್ಲಿ. ಅದು ಇರುವುದೇ ಪರದೆಯ ಬದಲು ತಾನು ಒಡೆಯಲು. ಅಂಗಡಿಯವರು ಹೇಳುವ '11ಡಿ', '21ಡಿ' ಮುಂತಾದವು ಮಾರಾಟದ ಹೆಸರುಗಳು, ಅವಕ್ಕೆ ಯಾವ ಅಳತೆಗೋಲೂ ಇಲ್ಲ. '9ಎಚ್' ಎಂಬುದು ಪೆನ್ಸಿಲಿನ ಗಟ್ಟಿತನದ ಅಳತೆ. ಅದನ್ನು ನೋಡಿ ಮರಳು, ಕೀಲಿಕೈಗಳ ಜತೆ ಒಂದೇ ಕಿಸೆಗೆ ಹಾಕಿದರೆ ಗೀರು ಬೀಳುವುದು ತಪ್ಪದು. ಪರದೆಯ ಮೇಲೇ ಬೆರಳಚ್ಚು ಒತ್ತುವ ಫೋನ್ ಆದರೆ ತೆಳು ಗ್ಲಾಸ್ ಹಾಕಿಸಿ, ಹಾಕಿಸಿದ ಬಳಿಕ ಬೆರಳಚ್ಚನ್ನು ಹೊಸದಾಗಿ ದಾಖಲಿಸಿ. ಬೆರಳ ಗೆರೆ ಸವೆದ ಹಿರಿಯರಿಗೆ ಇದು ಮುಖ್ಯ.

ಕವರಿನಲ್ಲಿ ನೋಡಬೇಕಾದದ್ದು ಚಿತ್ರವಲ್ಲ, ಅಂಚು. ಪರದೆಗಿಂತಲೂ ಕ್ಯಾಮೆರಾಕ್ಕಿಂತಲೂ ಅಂಚು ತುಸು ಎತ್ತರ ಇರಬೇಕು, ಮೂಲೆಗಳು ದಪ್ಪ ಇರಬೇಕು. ಪುಸ್ತಕದಂತೆ ಮಡಚುವ ಕವರಿನ ಕಿಸೆಯಲ್ಲಿ ಎಟಿಎಂ ಕಾರ್ಡು, ಅದರ ಹಿಂದೆ ಚೀಟಿಯಲ್ಲಿ ಪಿನ್ ನಂಬರು ಬರೆದಿಟ್ಟುಕೊಳ್ಳುವವರು ಇಂದಿಗೂ ಇದ್ದಾರೆ. ಫೋನ್ ಕಳೆದರೆ ಒಟಿಪಿ ಬರುವ ಸಿಮ್ಮು, ಕಾರ್ಡು, ಪಿನ್ ಮೂರನ್ನೂ ಕಳ್ಳನ ಕೈಗೆ ಕೊಟ್ಟಂತೆ. ಇದಕ್ಕಿಂತ ದೊಡ್ಡ ಅವಿವೇಕ ಬೇರೆ ಇಲ್ಲ.

ಮಳೆಗಾಲ, ಲೋಕಲ್ ಮತ್ತು ಕಿವಿ

ಮುಂಬಯಿಯ ಜುಲೈ ಮಳೆಗೆ ಕೊಡೆ ಇದ್ದರೂ ಕಿಸೆ ಒದ್ದೆ. ಬಾಯಿ ಬಿಗಿಯಾಗಿ ಮುಚ್ಚುವ, ಕುತ್ತಿಗೆಗೆ ಹಾಕಿಕೊಳ್ಳುವ ಪಾರದರ್ಶಕ ಪೌಚ್ ಕಡಿಮೆ ಬೆಲೆಗೆ ಸಿಗುತ್ತದೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಫೋನ್ ಜಾರಿ ಬೀಳದಂತೆಯೂ ಅದು ಕಾಯುತ್ತದೆ. ಫೋನ್ ನೆನೆದರೆ ಕೂಡಲೇ ಬಂದ್ ಮಾಡಿ ಒರೆಸಿ ಗಾಳಿಗೆ ಇಡಿ, ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ನಮ್ಮ ಮನೆಮದ್ದು ಬೇಡ. ಅಕ್ಕಿಯ ಹುಡಿ ಒಳಹೊಕ್ಕು ಹಾನಿ ಮಾಡಬಹುದು ಎಂದು ಆಪಲ್ ಕಂಪೆನಿಯೇ ತಿಳಿಸಿದೆ.

ಇಯರ್‌ಫೋನ್ ಕೊಳ್ಳುವ ಮೊದಲು ಫೋನಿನಲ್ಲಿ ಹಳೆಯ ದುಂಡು ತೂತು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಟೈಪ್-ಸಿ ಅಥವಾ ಬ್ಲೂಟೂತ್‌ನದ್ದೇ ಬೇಕು. ಹಿರಿಯರಿಗೆ ವಯರಿನದ್ದು ವಾಸಿ, ಚಾರ್ಜ್ ಮಾಡುವ ಗೋಜಿಲ್ಲ, ಕಳೆದುಹೋಗುವ ಭಯವೂ ಇಲ್ಲ. ಧ್ವನಿಯನ್ನು ಶೇ. 60ರ ಒಳಗೇ ಇಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡುತ್ತದೆ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ರಸ್ತೆ ದಾಟುವಾಗ ಅದು ಕಿವಿಯಲ್ಲಿ ಇರಲೇಬಾರದು.

ಬಿಲ್ಲು ಕೇಳಲು ಸಂಕೋಚವೇಕೆ?

ಲ್ಯಾಮಿಂಗ್ಟನ್ ರಸ್ತೆಯಿರಲಿ, ಮನೆ ಪಕ್ಕದ ಅಂಗಡಿಯಿರಲಿ, ಬಿಲ್ಲು ಪಡೆಯಿರಿ. ಪ್ಯಾಕೆಟಿನ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ ಇರಬೇಕಾದದ್ದು ಕಾನೂನು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ಲು ಇಲ್ಲದಿದ್ದರೆ ದೂರು ಗಟ್ಟಿಯಾಗಿ ನಿಲ್ಲುವುದು ಕಷ್ಟ.

ನಮ್ಮ ಸಂಘ-ಸಂಸ್ಥೆಗಳು ಆರೋಗ್ಯ ಶಿಬಿರ, ಆಟೋಟ ಸ್ಪರ್ಧೆಗಳನ್ನು ಅಚ್ಚುಕಟ್ಟಾಗಿ ನಡೆಸುತ್ತಿವೆ. ಅದರ ಜತೆಗೆ ಒಂದು ಭಾನುವಾರ, ಯುವ ವಿಭಾಗದ ನಾಲ್ಕು ಮಕ್ಕಳು ಕುಳಿತು ಹಿರಿಯ ಸದಸ್ಯರ ಚಾರ್ಜರ್, ವಯರು, ಪವರ್ ಬ್ಯಾಂಕ್ ಪರೀಕ್ಷಿಸಿ 'ಇದು ಇರಲಿ, ಇದು ಬೇಡ' ಎಂದು ಹೇಳಿಕೊಟ್ಟರೆ ಅದಕ್ಕೆ ಖರ್ಚು ಚಹಾದ್ದು ಮಾತ್ರ. ಪ್ರಯೋಜನ ಮಾತ್ರ ದೊಡ್ಡದು ಎನ್ನುವುದರಲ್ಲಿ ಎರಡು ಮಾತಿಲ್ಲ.

ಅಂದು ಉಡುಪಿ ನಿಲ್ದಾಣದಲ್ಲಿ ಕುಳಿತಿದ್ದ ದಂಪತಿಯನ್ನು ಕೊನೆಗೆ ಮನೆ ಮುಟ್ಟಿಸಿದ್ದು ಊರ ಹೆಸರು ಕೇಳಿ ಗುರುತು ಹಿಡಿದ ರಿಕ್ಷಾದವರು. ಈಗ ಆ ಹಿರಿಯರ ಚೀಲದಲ್ಲಿ ನೋಂದಣಿ ನಂಬರು ಇರುವ ಚಾರ್ಜರ್, ಗಟ್ಟಿ ವಯರು, ಒಂದು ಪವರ್ ಬ್ಯಾಂಕ್ ಇವೆ. ಅಮ್ಮನ ಪರ್ಸಿನಲ್ಲಿ ಹತ್ತು ರೂಪಾಯಿಯ ಒಂದು ಪುಟ್ಟ ಪುಸ್ತಕವೂ ಇದೆ. ಅದರಲ್ಲಿ ಮಗನ, ಅಳಿಯನ, ಡಾಕ್ಟರ ನಂಬರುಗಳನ್ನು ದಪ್ಪಕ್ಷರದಲ್ಲಿ ಬರೆದುಕೊಂಡಿದ್ದಾರೆ. ಮುಂದಿನ ಸಲ ಊರಿಗೆ ಹೊರಡುವ ಮುನ್ನ ಪ್ರತಿ ಮನೆಯಲ್ಲೂ ಇಂತಹ ಒಂದು ಪುಸ್ತಕ ಸಿದ್ಧವಾಗಲಿ. ಅದಕ್ಕೆ ಚಾರ್ಜ್ ಬೇಕಾಗಿಲ್ಲ.