ದಫ್ತರ ಊರಲ್ಲೂ ಇರಲಿ

ಧರಮಪೇಠದ ನಮ್ಮವರ ಮನೆಗಳಲ್ಲಿ ಟ್ರಂಕಿನ ತಳ ಕೆದಕಿದರೆ ಊರಿನ ಹೊಲದ ಹಳೆಯ ಉತಾರವೊಂದು ಸಿಕ್ಕೇ ಸಿಗುತ್ತದೆ. ತಂದೆಯವರು ತೀರಿಕೊಂಡ ಮೇಲೆ, ಹೊಲಕ್ಕೆ ತಾಯಿಯ ಹೆಸರು ಹಚ್ಚಿಸಲೆಂದು ನಾವು ಧಾರವಾಡದ ಕಡೆಯ ಒಂದು ಕಚೇರಿಗೆ ಹೋದೆವು. ಕೈಯಲ್ಲಿದ್ದುದು ಮೂರು ದಿನದ ರಜೆ, ಮೂರು ದಿನವೂ ಒಂದೇ ಉತ್ತರ: "ಸರ್ವರ್ ಇಲ್ರೀ, ನಾಳೆ ಬರ್ರಿ." ತಾಯಿ ಕೇಳಿದರು: "ಹೊಲ ಇಲ್ಲೇ ಐತಿ, ಅದರ ಲೆಕ್ಕ ಎಲ್ಲಿ ಹೋತು?" ಗುಮಾಸ್ತರಾದ ನಮಗೂ ಉತ್ತರ ಹೊಳೆಯಲಿಲ್ಲ.

ಹಿಂದೆ ದಫ್ತರವು ಊರ ಕುಲಕರ್ಣಿಯವರ ಬಳಿ ಇರುತ್ತಿತ್ತು. ಹತ್ತಿರವೇನೋ ಹೌದು, ಆದರೆ ಒಬ್ಬರೇ ಬರೆದು ಒಬ್ಬರೇ ತಿದ್ದಿದರೆ ಕೇಳುವವರಾರು? ಕರ್ನಾಟಕದ 'ಭೂಮಿ' ಯೋಜನೆಯು 2000ದ ಸುಮಾರಿಗೆ ಹತ್ತಿರ ಹತ್ತಿರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಆಗ 15 ರೂಪಾಯಿಗೆ ತಾಲೂಕಿನಲ್ಲೇ ಪ್ರತಿ ಸಿಗತೊಡಗಿತು. ಮೊದಲು ಆಯಾ ತಾಲೂಕಿನ ಲೆಕ್ಕ ಆಯಾ ತಾಲೂಕಿನ ಯಂತ್ರದಲ್ಲೇ ಇತ್ತು. ಮುಂದೆ ಎಲ್ಲವೂ ಬೆಂಗಳೂರಿನ ಕೇಂದ್ರಕ್ಕೆ ಸೇರಿದವು. ಕದ್ದು ತಿದ್ದುವ ಕೈಗೆ ಕಡಿವಾಣ ಬಿತ್ತು, ನಿಜ. ಆದರೆ ಸಂಪರ್ಕ ಕಡಿದ ದಿನ ಕೆಲಸವೂ ನಿಂತಿತು.

ಹಾಗಾದರೆ ಎರಡನ್ನೂ ಕೂಡಿಸಲು ಬಾರದೇ? ಬರುತ್ತದೆ, ಅದಕ್ಕೆ ಬೇಕಾದ ಶಿಸ್ತು ಹಳೆಯ ವಹಿಗಳಲ್ಲೇ ಇದೆ. ಪ್ರತಿ ಕಚೇರಿಯ ಯಂತ್ರದಲ್ಲೂ ಆ ಭಾಗದ ಲೆಕ್ಕದ ಪ್ರತಿ ಇರಬೇಕು. ಸಂಪರ್ಕವಿಲ್ಲದಾಗ ಬಂದ ಅರ್ಜಿಗೆ ಆ ಊರಿನ ಗುರುತು ಸೇರಿದ ನಂಬರು ಹಾಕಿದರೆ, ಎರಡು ಊರಿನ ನಂಬರುಗಳು ಎಂದಿಗೂ ಡಿಕ್ಕಿ ಹೊಡೆಯವು. ಬರೆದುದನ್ನು ಅಳಿಸದೆ, ತಿದ್ದುಪಡಿಯನ್ನು ಹೊಸ ಸಾಲಾಗಿ, ತಾರೀಖು ಸಹಿಗಳೊಡನೆ ಬರೆಯಬೇಕು. ಸಂಪರ್ಕ ಬಂದೊಡನೆ ಊರಿನ ಲೆಕ್ಕವೂ ಕೇಂದ್ರದ ಲೆಕ್ಕವೂ ಒಂದನ್ನೊಂದು ತಾಳೆ ನೋಡಬೇಕು. ಒಂದೇ ಹೊಲಕ್ಕೆ ಎರಡು ಬೇರೆ ಬೇರೆ ನೋಂದಣಿ ಕಂಡರೆ, ಕಡೆಗೆ ಬಂದುದೇ ಸರಿಯೆಂದು ಯಂತ್ರ ತೀರ್ಮಾನಿಸಬಾರದು. ಅಧಿಕಾರಿಯೇ ಎರಡೂ ಕಡೆಯವರನ್ನು ಕರೆದು ಕೇಳಬೇಕು. ಕೊಡುವ ಪ್ರತಿಯ ಮೇಲೆ 'ಇಂಥ ದಿನದವರೆಗಿನ ಲೆಕ್ಕ' ಎಂದು ಕಾಣಿಸಿದರೆ ಯಾರೂ ಮೋಸಹೋಗರು.

ಅಂದು ಆ ಕಚೇರಿಯಲ್ಲಿ ನಮ್ಮ ಅರ್ಜಿ ಬರೆದುಕೊಂಡು, ನಂಬರು ಹಾಕಿದ ಒಂದು ಪಾವತಿ ಕೊಟ್ಟಿದ್ದರೂ ಸಾಕಿತ್ತು. ಕಡೆಗೆ ಕಾಗದಪತ್ರಗಳನ್ನು ಸೋದರಮಾವನ ಕೈಗೆ ಒಪ್ಪಿಸಿ ನಾಗಪುರದ ಗಾಡಿ ಹತ್ತಿದೆವು. ಅವರು ಮತ್ತೆ ನಾಲ್ಕು ಸಲ ಅಲೆದ ಮೇಲೆ ತಾಯಿಯ ಹೆಸರು ಹತ್ತಿತು. ಊರಲ್ಲಿ ಸೋದರಮಾವನಿಲ್ಲದವರು ಏನು ಮಾಡಬೇಕು? ದೂರದಲ್ಲಿ ನೆಲೆಸಿದ ನಾವೆಲ್ಲರೂ ಕೇಳಬೇಕಾದ ಪ್ರಶ್ನೆ ಇದೇ.