ಪ್ರೇರಿಯ ಸಂಜೆಮಲ್ಲಿಗೆ: ಗುರುತಿಸುವ ಕ್ರಮ

ಉತ್ತರ ಅಮೆರಿಕದ ನಡುಭಾಗದಲ್ಲಿ ಹಬ್ಬಿರುವ ಹುಲ್ಲುಬಯಲುಗಳಿಗೆ ಪ್ರೇರಿ ಎಂದು ಹೆಸರು. ಬೇಸಗೆಯಲ್ಲಿ ಹೊತ್ತಿಳಿದ ಮೇಲೆ ಅರಳುವ ಹೂಗಿಡಗಳು ಅಲ್ಲಿ ಹಲವಿವೆ. ಅವುಗಳಲ್ಲೊಂದು ಕನ್ನಡಿಗರ ಹಿತ್ತಿಲುಗಳ ಸಂಜೆಮಲ್ಲಿಗೆಗೆ ತೀರ ಸಮೀಪದ ಬಂಧು. ಮಿರಾಬಿಲಿಸ್ ನಿಕ್ಟಾಜಿನಿಯ ಎಂಬುದು ಅದರ ಶಾಸ್ತ್ರೀಯ ನಾಮ. ಫ್ರೆಂಚ್ ಸಸ್ಯಜ್ಞ ಆಂದ್ರೆ ಮಿಶೋನ ಮರಣಾನಂತರ 1803ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅದು ಅಲಿಯೋನಿಯ ಎಂಬ ಬೇರೊಂದು ಕುಲದಲ್ಲಿತ್ತು. ಮಿರಾಬಿಲಿಸ್ ಕುಲಕ್ಕೆ ಬಂದದ್ದು 1892ರಲ್ಲಿ.

ಸಂಜೆ ಅರಳುವುದೆಂಬ ಒಂದೇ ಲಕ್ಷಣವನ್ನು ನಂಬುವಂತಿಲ್ಲ. ಸಾಮಾನ್ಯವಾಗಿ ಹಳದಿಯಾದ ನಾಲ್ಕು ಎಸಳುಗಳೂ ಶಿಲುಬೆಯಂತೆ ಕವಲೊಡೆದ ಶಲಾಕಾಗ್ರವೂ ಕಂಡರೆ ಅದು ಈವನಿಂಗ್ ಪ್ರಿಮ್‌ರೋಸ್. ಉಬ್ಬಿದ ಪುಷ್ಪಪಾತ್ರದ ಮೇಲೆ ತುದಿ ಸೀಳಿದ ಐದು ಬಿಳಿಯ ಎಸಳುಗಳಿದ್ದರೆ ಅದು ಯುರೋಪಿನಿಂದ ಬಂದು ನೆಲೆಸಿದ ಬಿಳಿ ಕ್ಯಾಂಪಿಯನ್. ಪ್ರೇರಿಯ ಸ್ವಂತ ಗಿಡವಲ್ಲ. ಇವೆರಡನ್ನೂ ಬದಿಗಿರಿಸಿದ ಬಳಿಕ ಕಾಂಡವನ್ನೂ ಎಲೆಯನ್ನೂ ನೋಡಬೇಕು. ಪ್ರೇರಿಯ ಸಂಜೆಮಲ್ಲಿಗೆಯ ಕಾಂಡ ನುಣುಪು, ಗಿಣ್ಣುಗಳು ಉಬ್ಬಿರುತ್ತವೆ. ತೊಟ್ಟುಳ್ಳ ಎಲೆಗಳು ಎದುರುಬದುರಾಗಿ, ಹೃದಯಾಕಾರವಾಗಿರುತ್ತವೆ. ಅದೇ ಬಯಲಿನಲ್ಲಿ ಬೆಳೆಯುವ ಅದರ ಸೋದರ ಜಾತಿಗಳ ಎಲೆ ಕಿರಿದು, ಒಂದರ ಕಾಂಡವಂತೂ ರೋಮಮಯ.

ಆದರೆ ನಿರ್ಣಾಯಕವಾದ ಗುರುತು ಹೂವಿನ ಕೆಳಗಿದೆ. ಹೂವಿನಲ್ಲಿ ನಸುಗೆಂಪಾಗಿ ಕಾಣುವುದು ನಿಜವಾದ ಎಸಳಲ್ಲ, ಬಣ್ಣ ತಾಳಿದ ಪುಷ್ಪಪಾತ್ರ. ಈ ವಂಶಕ್ಕೆ ಎಸಳೇ ಇಲ್ಲ. ಕೆಳಗೆ ಹಸುರು ಬಟ್ಟಲಿನಂತೆ ಕಾಣುವುದು, ನೋಡುವವರು ಸಹಜವಾಗಿ ಭಾವಿಸುವಂತೆ, ಪುಷ್ಪಪಾತ್ರವಲ್ಲ. ಐದು ಪುಷ್ಪಪತ್ರಗಳು ಕೂಡಿ ಆದ ಆವರಣ. ಹಿತ್ತಿಲಿನ ಸಂಜೆಮಲ್ಲಿಗೆಯಲ್ಲಿ ಒಂದು ಬಟ್ಟಲಿಗೆ ಒಂದೇ ಹೂ. ಆದ್ದರಿಂದ ಅಲ್ಲಿ ಈ ಭ್ರಮೆ ಹರಿಯುವುದು ಕಷ್ಟ. ಪ್ರೇರಿಯ ಗಿಡದಲ್ಲಿಯೋ ಒಂದೇ ಬಟ್ಟಲಿನಿಂದ ಮೂರು, ನಾಲ್ಕು, ಐದು ಹೂಗಳು ಏಳುತ್ತವೆ. ಹಲವು ಹೂಗಳಿಗೆ ಒಂದು ಪುಷ್ಪಪಾತ್ರ ಇರಲಾರದಷ್ಟೆ! ಬೋಗನ್‌ವಿಲ್ಲಾದಲ್ಲಿ ಹೂವೆಂದು ಜನ ಮೆಚ್ಚುವ ಬಣ್ಣದ ಕಾಗದಗಳೂ ಇಂಥ ಪುಷ್ಪಪತ್ರಗಳೇ; ಅದೂ, ವೈದ್ಯರ ಪುನರ್ನವವೂ ಇದೇ ವಂಶದವು.

ಹಿತ್ತಿಲಿನ ಗಿಡ ಕೂಡ ಅಮೆರಿಕ ಖಂಡದಿಂದಲೇ ಬಂದದ್ದು. ಮಹಾರಾಷ್ಟ್ರದವರಿಗೆ ಅದು ಗುಲ್‌ಬಕ್ಷಿ, ತಮಿಳರಿಗೆ ಅಂತಿಮಂದಾರೈ; ಮಲ್ಲಿಗೆಯೆಂದು ಕರೆದವರು ಕನ್ನಡಿಗರು, ಮಲ್ಲಿಗೆಯ ವಂಶಕ್ಕೂ ಅದಕ್ಕೂ ನಂಟಿಲ್ಲದಿದ್ದರೂ. ಹೆಸರಿಡುವಲ್ಲಿ ಶಾಸ್ತ್ರಜ್ಞರೂ ಎಡವದೆ ಇಲ್ಲ. ಲಿನೇಯಸ್ 1753ರಲ್ಲಿ ಅದಕ್ಕೆ ‘ಜಲಾಪ’ ಎಂದು ಹೆಸರಿತ್ತನು. ಅದು ಮೆಕ್ಸಿಕೋದ ಹಲಾಪ ಊರಿನ ಹೆಸರನ್ನು ಹೊತ್ತ ವಿರೇಚಕ ಔಷಧಿಯ ಹೆಸರು. ಆ ಔಷಧಿಯಾದರೋ ಬೇರೆಯೇ ವಂಶದ ಒಂದು ಬಳ್ಳಿಯ ಬೇರಿನಿಂದ ದೊರೆಯುವುದು.

ಗುರುತು ತಪ್ಪಿದರೆ ಆಗುವ ಹಾನಿ ಪುಸ್ತಕಕ್ಕೆ ಮಾತ್ರ ಸೀಮಿತವಲ್ಲ. ನೇಗಿಲಿಗೆ ತುತ್ತಾದ ಎತ್ತರಹುಲ್ಲಿನ ಪ್ರೇರಿಯಲ್ಲಿ ಇಂದು ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಉಳಿದ ತುಣುಕುಗಳನ್ನು ಕಾಯುವವರು ಹೊರಗಿನ ಗಿಡಗಳನ್ನು ಕಿತ್ತೊಗೆಯುತ್ತಾರೆ. ರೈಲುಹಾದಿಯ ಜಲ್ಲಿಯಲ್ಲಿಯೂ ಬೆಳೆಯುವ ಈ ಗಿಡವನ್ನು ಕಳೆಯೆಂದು ಬಗೆಯುವುದು ಸುಲಭ. ಅತ್ತ ವಾಷಿಂಗ್ಟನ್ ರಾಜ್ಯದಲ್ಲಿ ಇದು ನಿಜವಾಗಿಯೂ ಹೊರಗಿನದು; ಅಲ್ಲಿಯ ಶಾಸನ ಇದನ್ನು ನಿರ್ಮೂಲಮಾಡಬೇಕಾದ ಕಳೆಗಳ ಪಟ್ಟಿಯಲ್ಲಿ ಸೇರಿಸಿದೆ. ಜಾತಿಯ ಹೆಸರಿನೊಡನೆ ನಿಂತ ನೆಲವನ್ನೂ ಕೇಳದೆ ಕೈಯಿಕ್ಕುವಂತಿಲ್ಲ. ಕಿತ್ತರೂ ದಪ್ಪನೆಯ ತಾಯಿಬೇರು ನೆಲದೊಳಗೆ ಉಳಿದರೆ ಮತ್ತೆ ಚಿಗುರುತ್ತದೆ.

ಇದನ್ನು ಕಂಡುಹಿಡಿಯಲು ಸಂಜೆಯವರೆಗೆ ಕಾಯಬೇಕಾಗಿಯೂ ಇಲ್ಲ. ಹೂ ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಬಟ್ಟಲು ಮಾತ್ರ ಉಳಿದು ಬೆಳೆದು, ನರಗಳೆದ್ದು ತೋರುವ ಕಾಗದದ ತಟ್ಟೆಯಂತಾಗುತ್ತದೆ. ಅದರ ನಡುವೆ ಐದು ಏಣುಗಳ, ರೋಮ ಕವಿದ ಬೂದುಗಂದು ಕಾಯಿಗಳು ಗುಂಪಾಗಿ ಕುಳಿತಿರುತ್ತವೆ. ಹಿತ್ತಿಲಿನ ಗಿಡದ ಕಾಯಿಯೋ ಕಾಳುಮೆಣಸಿನಂತೆ ಕಪ್ಪು, ಬಟ್ಟಲಿಗೊಂದೇ.